ಬಲ್ಬಿನವರು ಮಾಡಿದ ರೇಡಿಯೊ: ಅಟ್ಟದಿಂದ ಇಳಿದ ಫಿಲಿಪ್ಸ್ ಸೆಟ್ಟಿನ ಒಳಗೆ

ಹಳೆ ಮನೆ ಕೆಡಹುವಾಗ ಅಟ್ಟದಿಂದ ಒಂದು ವಾಲ್ವ್ ರೇಡಿಯೊ, ಅಂದರೆ ಟ್ರಾನ್ಸಿಸ್ಟರಿಗೆ ಮೊದಲಿನ, ಒಳಗೆ ಗಾಜಿನ ಬುರುಡೆಗಳಿರುವ ರೇಡಿಯೊ ಕೆಳಗಿಳಿಯುತ್ತದೆ. ಮೈತುಂಬ ಅಡಿಕೆ ಗೋಣಿಯ ಧೂಳು, ಒಳಗೆ ಹಲ್ಲಿಮೊಟ್ಟೆ, ಸ್ಪೀಕರಿನ ಬಟ್ಟೆಯಲ್ಲಿ ಇಲಿ ಕೊರೆದ ತೂತು, ಎದುರಿಗೆ ಅಲೆ ಮತ್ತು ನಕ್ಷತ್ರಗಳ ಗುರುತು. ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಇದು ಹೊಸತಲ್ಲ. ಮುಂದೆ ನಡೆಯುವುದೂ ಹೊಸತಲ್ಲ: "ಹಾಡುತ್ತದಾ ನೋಡುವ" ಅಂತ ಯಾರಾದರೂ ಸೀದಾ ಪ್ಲಗ್ಗಿಗೆ ಹಾಕುತ್ತಾರೆ. ಒಂದೆರಡು ನಿಮಿಷ ಗುಂಯ್ ಎನ್ನುತ್ತದೆ, ಆಮೇಲೆ ಡಾಂಬರು ಕಾದ ವಾಸನೆ, ಆಮೇಲೆ ಸದ್ದೇ ಇಲ್ಲ. ಅರವತ್ತು ವರ್ಷ ಉಳಿದು ಬಂದದ್ದು ಐದು ನಿಮಿಷದಲ್ಲಿ ಹೋಯಿತು.

ಪೆಟ್ಟಿಗೆಯೊಳಗಿನ ಯಾವ ಭಾಗ ಎಲ್ಲಿಂದ ಬಂತು, ಯಾಕೆ ಹಾಗಿದೆ ಎಂದು ತಿಳಿದವರಿಗೆ ಯಾವುದನ್ನು ಬದಲಿಸಬೇಕು, ಯಾವುದಕ್ಕೆ ಕೈ ಹಾಕಬಾರದು ಎಂಬುದು ಮುಕ್ಕಾಲು ಪಾಲು ತಾನಾಗಿಯೇ ತಿಳಿಯುತ್ತದೆ. ಫಿಲಿಪ್ಸ್ ವಿಷಯದಲ್ಲಿ ಮೊದಲು ನೆನಪಿಡಬೇಕಾದ್ದು, ಅವರು ಮೂಲದಲ್ಲಿ ಬಲ್ಬಿನವರು.

ಗೆರಾರ್ಡ್ ಫಿಲಿಪ್ಸ್ ಎಂಬ ಇಂಜಿನಿಯರು ತನ್ನ ತಂದೆ ಫ್ರೆಡರಿಕ್ ಅವರ ದುಡ್ಡಿನ ಬೆಂಬಲದಿಂದ 1891ರಲ್ಲಿ ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಕಂಪೆನಿ ಶುರುಮಾಡಿದ. ತಯಾರಿಸುತ್ತಿದ್ದದ್ದು ಇಂಗಾಲದ ಎಳೆಯ ಬಲ್ಬು ಮಾತ್ರ. 1895ರಲ್ಲಿ ತಮ್ಮ ಆಂಟನ್ ಸೇರಿಕೊಂಡ. ಒಬ್ಬನಿಗೆ ತಯಾರಿ, ಇನ್ನೊಬ್ಬನಿಗೆ ಮಾರಾಟ. ರಷ್ಯಾದ ಚಕ್ರವರ್ತಿಯ ಅರಮನೆಗೆ ಒಮ್ಮೆಗೇ 50,000 ಬಲ್ಬುಗಳ ಆರ್ಡರು ಹಿಡಿದವನು ಈ ಆಂಟನ್. 1914ರಲ್ಲಿ ಗಿಲ್ಲೆಸ್ ಹೋಲ್ಸ್ಟ್ ಎಂಬ ಭೌತವಿಜ್ಞಾನಿಯ ಕೈಕೆಳಗೆ ಸ್ವಂತ ಪ್ರಯೋಗಾಲಯ ಬಂತು. ಅಷ್ಟರಲ್ಲಿ ಮೊದಲ ಮಹಾಯುದ್ಧ. ಹಾಲೆಂಡ್ ಯುದ್ಧಕ್ಕಿಳಿಯಲಿಲ್ಲ, ಆದರೆ ಹೊರಗಿನಿಂದ ಬರುತ್ತಿದ್ದ ಗಾಜು ನಿಂತುಹೋಯಿತು. ಗಾಜಿಲ್ಲದೆ ಬಲ್ಬೆಲ್ಲಿ? 1916ರಲ್ಲಿ ಅವರೇ ಗಾಜಿನ ಕುಲುಮೆ ಕಟ್ಟಿದರು. ಬೇಕಾದ್ದನ್ನೆಲ್ಲ ನಾವೇ ಮಾಡಿಕೊಳ್ಳಬೇಕು ಎಂಬ ಕಂಪೆನಿಯ ಹಟ ಅಲ್ಲಿ ಬೇರುಬಿಟ್ಟಿತು. ಮುಂದೆ ಫಿಲೈಟ್ ಎಂಬ ಸ್ವಂತ ಬೇಕಲೈಟು, ಸ್ವಂತ ಕಂಡೆನ್ಸರು (ವಿದ್ಯುತ್ತನ್ನು ಹಿಡಿದಿಡುವ ಭಾಗ), ಸ್ವಂತ ಸ್ಪೀಕರು ಎಲ್ಲ ಬಂದದ್ದು ಅದೇ ಹಟದಿಂದ. ಅದರ ಫಲ ಇವತ್ತಿಗೂ ರಿಪೇರಿಯವರ ಕೈಗೆ ಸಿಗುತ್ತದೆ: ಬೇರೆ ಕಂಪೆನಿಯ ಸೆಟ್ಟಿನಲ್ಲಿ ಹತ್ತು ಊರಿನ ಭಾಗ ಇದ್ದರೆ, ಫಿಲಿಪ್ಸ್‌ನದ್ದರಲ್ಲಿ ಸ್ಕ್ರೂ ಬಿಟ್ಟರೆ ಬಹುತೇಕ ಎಲ್ಲದರ ಮೇಲೂ ಅವರದೇ ಗುರುತು.

ಗಾಜಿನೊಳಗೆ ಲೋಹದ ಎಳೆ ಕೂರಿಸಿ, ಗಾಳಿ ಹೊರತೆಗೆದು, ಬಾಯಿ ಮುಚ್ಚಲು ಬಲ್ಲವನಿಗೆ ರೇಡಿಯೊ ವಾಲ್ವ್ ದೂರದ ವಿದ್ಯೆಯಲ್ಲ. 1918ರಲ್ಲಿ ಹಾನ್ಸೊ ಇಡ್‌ಜೆರ್ಡಾ ಎಂಬ ಡಚ್ ಇಂಜಿನಿಯರನಿಗಾಗಿ ಫಿಲಿಪ್ಸ್ ವಾಲ್ವ್ ಮಾಡಿಕೊಟ್ಟಿತು. ಮರುವರ್ಷ ನವೆಂಬರಿನಲ್ಲಿ ಆತ ಹೇಗ್ ನಗರದಿಂದ ಸಂಗೀತ ಪ್ರಸಾರ ಶುರುಮಾಡಿದ. ಬಲ್ಬಿಗೂ ವಾಲ್ವಿಗೂ ಒಂದೇ ಒಂದು ದೊಡ್ಡ ವ್ಯತ್ಯಾಸ: ವಾಲ್ವಿನೊಳಗಿನ ನಿರ್ವಾತ ಬಹಳ ಶುದ್ಧ ಇರಬೇಕು. ಪಂಪು ಎಳೆದು ಉಳಿದ ಗಾಳಿಯನ್ನು ನುಂಗಲಿಕ್ಕೆ ಒಳಗೆ ಸ್ವಲ್ಪ ಬೇರಿಯಂ ಲೋಹವನ್ನು ಸುಟ್ಟು ಗಾಜಿನ ಒಳಮೈಗೆ ಅಂಟಿಸುತ್ತಾರೆ. ವಾಲ್ವಿನ ತಲೆಯಲ್ಲೋ ಪಕ್ಕದಲ್ಲೋ ಕಾಣುವ ಕನ್ನಡಿಯಂಥ ಕಲೆ ಇದೇ, ಗೆಟರ್. ಅಟ್ಟದ ಸೆಟ್ಟು ಕೈಗೆ ಬಂದ ಕೂಡಲೇ ಮಾಡಬೇಕಾದ ಮೊದಲ ಪರೀಕ್ಷೆಗೆ ಕರೆಂಟೂ ಬೇಡ, ಮೀಟರೂ ಬೇಡ. ಹಿಂದಿನ ರಟ್ಟು ತೆಗೆದು ಆ ಕಲೆ ನೋಡಿ. ಬೆಳ್ಳಿ ಬಣ್ಣವೋ ಕಂದು ಛಾಯೆಯೋ ಇದ್ದರೆ ಒಳಗೆ ನಿರ್ವಾತ ಇದೆ. ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ಗಾಜಿನಲ್ಲಿ ಎಲ್ಲೋ ಬಿರುಕು, ಗಾಳಿ ಸೇರಿದೆ, ಆ ವಾಲ್ವ್ ಮುಗಿಯಿತು.

1926ರಲ್ಲಿ ಅದೇ ಪ್ರಯೋಗಾಲಯದ ಬರ್ನಾರ್ಡ್ ಟೆಲ್ಲೆಗೆನ್ ಪೆಂಟೋಡ್, ಅಂದರೆ ಒಳಗೆ ಐದು ಎಲೆಕ್ಟ್ರೋಡುಗಳಿರುವ ವಾಲ್ವ್, ಕಂಡುಹಿಡಿದರು. ಅಲ್ಲಿಯವರೆಗಿನ ಸ್ಕ್ರೀನ್ ಗ್ರಿಡ್ (ನಡುವಿನ ತಂತಿಯ ಜಾಲರಿ) ವಾಲ್ವುಗಳಲ್ಲಿ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಅವನ್ನು ಸೆಳೆಯುವ ಆನೋಡಿಗೆ ಬಡಿದಾಗ ಅಲ್ಲಿಂದ ಬೇರೆ ಎಲೆಕ್ಟ್ರಾನುಗಳು ಚಿಮ್ಮಿ ಸ್ಕ್ರೀನಿನ ಕಡೆಗೆ ಹಿಂದೆ ಓಡುತ್ತಿದ್ದವು, ಸ್ವರ ಒಡೆಯುತ್ತಿತ್ತು. ಟೆಲ್ಲೆಗೆನ್ ಅವೆರಡರ ನಡುವೆ ಮೂರನೆಯ ಗ್ರಿಡ್ ಇಟ್ಟು ಅದನ್ನು ಕ್ಯಾಥೋಡಿಗೆ ಜೋಡಿಸಿದರು. ಹಿಂದಕ್ಕೆ ಓಡುವವು ಅಲ್ಲೇ ತಡೆಯಲ್ಪಟ್ಟವು. ನಮ್ಮ ಕಡೆಯ ಎಷ್ಟೋ ಸೆಟ್ಟುಗಳ ಸ್ಪೀಕರಿಗೆ ಬಲ ಕೊಡುವ ಇಎಲ್ 84 ಇದೇ ವಂಶದ್ದು. 1927ರಲ್ಲಿ ಫಿಲಿಪ್ಸ್‌ನ ಮೊದಲ ರೇಡಿಯೊ ಸೆಟ್ಟು, 2501, ಅಂಗಡಿಗೆ ಬಂತು. ಬ್ಯಾಟರಿಯ ಗೋಜಿಲ್ಲದೆ ಗೋಡೆಯ ಕರೆಂಟಿನಲ್ಲೇ ನಡೆಯುವ ಸೆಟ್ಟು ಅದು. ಅದೇ ವರ್ಷ ಐಂಡ್‌ಹೋವನ್‌ನಿಂದ ಶಾರ್ಟ್ ವೇವಿನಲ್ಲಿ ಬಿಟ್ಟ ಪ್ರಸಾರ ಇಂಡೋನೇಷ್ಯಾದ ಡಚ್ ವಸಾಹತುಗಳಿಗೂ ಕೇಳಿಸಿತು. 1932ರ ಹೊತ್ತಿಗೆ ಹತ್ತು ಲಕ್ಷ ಸೆಟ್ಟು ಮಾರಾಟವಾಗಿತ್ತು. ಮರುವರ್ಷ ಹತ್ತು ಕೋಟಿಯನೆಯ ವಾಲ್ವ್ ಹೊರಬಂತು.

ಭಾರತದಲ್ಲಿಯೂ ಅದೇ ಕ್ರಮ. 1930ರಲ್ಲಿ ಕಲ್ಕತ್ತೆಯಲ್ಲಿ ಕಂಪೆನಿ, 1938ರಲ್ಲಿ ಅಲ್ಲೇ ಬಲ್ಬಿನ ಕಾರ್ಖಾನೆ, ಹತ್ತು ವರ್ಷ ಕಳೆದು 1948ರಲ್ಲಿ ರೇಡಿಯೊ. 1959ರಲ್ಲಿ ಪುಣೆಯ ಹತ್ತಿರ ಎರಡನೆಯ ರೇಡಿಯೊ ಕಾರ್ಖಾನೆ. 1965ರ ಏಪ್ರಿಲಿನಲ್ಲಿ ಭಾರತದಲ್ಲಿ ಮಾಡಿದ ಹತ್ತು ಲಕ್ಷನೆಯ ಸೆಟ್ಟು. 1961ರಲ್ಲಿ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ವಾಲ್ವ್ ತಯಾರಿಕೆ ಶುರುಮಾಡಿತ್ತು. ಹಾಗಾಗಿ ಫಿಲಿಪ್ಸ್ ಸೆಟ್ಟಿನೊಳಗೆ ಬಿಇಎಲ್ ಹೆಸರಿನ ವಾಲ್ವ್ ಕಂಡರೆ ಯಾರೋ ಕಡಿಮೆ ದರ್ಜೆಯದ್ದು ಹಾಕಿದ್ದಾರೆ ಎಂದು ಕಿತ್ತೆಸೆಯಬೇಡಿ. ಒಳ್ಳೆಯ ವಾಲ್ವುಗಳು ಅವು.

ವಾಲ್ವಿನ ಹೆಸರು ಓದುವುದನ್ನು ಕಲಿತರೆ ಅರ್ಧ ಸರ್ಕಿಟ್ಟೇ ಕಣ್ಣೆದುರು ಬರುತ್ತದೆ. ಮೊದಲ ಅಕ್ಷರ ಹೀಟರಿನದ್ದು, ಅಂದರೆ ವಾಲ್ವನ್ನು ಒಳಗಿನಿಂದ ಕಾಯಿಸುವ ಎಳೆಯದ್ದು: 'ಡಿ' ಎಂದರೆ 1.4 ವೋಲ್ಟಿನ ಬ್ಯಾಟರಿ ವಾಲ್ವ್, 'ಇ' ಎಂದರೆ 6.3 ವೋಲ್ಟ್, 'ಯು' ಎಂದರೆ 100 ಮಿಲಿಆಂಪಿಯರಿನ ಸೀರೀಸ್ ಸಾಲು. ನಂತರದ ಅಕ್ಷರಗಳು ಕೆಲಸ ಹೇಳುತ್ತವೆ: 'ಬಿ' ಜೋಡಿ ಡಯೋಡ್, 'ಸಿ' ಟ್ರಯೋಡ್, 'ಎಫ್' ಪೆಂಟೋಡ್, 'ಎಲ್' ಔಟ್‌ಪುಟ್, 'ಎಂ' ಸ್ಟೇಷನ್ ಸರಿಯಾಗಿ ಕೂತಿತೇ ಎಂದು ತೋರಿಸುವ ಹಸಿರು ಕಣ್ಣು, 'ವೈ' ಮತ್ತು 'ಝಡ್' ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಅಂಕೆ ನಾಲ್ಕರಿಂದ ಶುರುವಾದರೆ ರಿಮ್‌ಲಾಕ್ ತಳ, ಎಂಟರಿಂದ ಶುರುವಾದರೆ ಒಂಬತ್ತು ಪಿನ್ನಿನ ನೋವಲ್, ಒಂಬತ್ತರಿಂದಾದರೆ ಏಳು ಪಿನ್ನಿನ ಚಿಕ್ಕ ತಳ.

ಇದರಲ್ಲಿ ಮೊದಲ ಅಕ್ಷರ ಜೀವದ ಪ್ರಶ್ನೆ. ಒಳಗೆ ಯುಸಿಎಚ್, ಯುಎಲ್, ಯುವೈ ಹೆಸರುಗಳು ಕಂಡರೆ ಆ ಸೆಟ್ಟಿನಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲ. ಎಸಿ, ಡಿಸಿ ಎರಡಕ್ಕೂ ಹೊಂದುವ ಹಾಗೆ ಮಾಡಿದ್ದು. ಕರೆಂಟಿನ ಒಂದು ತಂತಿ ನೇರವಾಗಿ ಚಾಸಿಸ್ಸಿಗೇ, ಅಂದರೆ ಭಾಗಗಳನ್ನು ಕೂರಿಸಿದ ಲೋಹದ ತಳಕ್ಕೇ, ಸೇರಿರುತ್ತದೆ. ಪ್ಲಗ್ಗು ತಿರುಗಿಸಿ ಹಾಕಿದರೆ ಚಾಸಿಸ್ಸಿನಲ್ಲಿ ಪೂರ್ತಿ 230 ವೋಲ್ಟ್. ನಾಬಿನ ಸಣ್ಣ ಸ್ಕ್ರೂ ಮುಟ್ಟಿದರೂ ಹೊಡೆಯುತ್ತದೆ; ಆ ಸ್ಕ್ರೂವಿನ ಗುಳಿಗೆ ಮೇಣ ತುಂಬಿದ್ದು ಅದಕ್ಕೇ, ಕಸ ಎಂದು ಕೆರೆದು ತೆಗೆಯಬಾರದು. ಇಂಥ ಸೆಟ್ಟನ್ನು ಬಿಚ್ಚಿ ಕೆಲಸ ಮಾಡಲು 230ಕ್ಕೆ 230ರ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, 100 ವಿಎ ಸಾಕು. ವೇರಿಯಾಕ್ ಇದ್ದರಾಯಿತು ಎಂಬುದು ತಪ್ಪು. ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು ಲೈನಿನಿಂದ ಬೇರ್ಪಡಿಸುವುದಿಲ್ಲ. ಮನೆಯಲ್ಲಿ ಇಎಲ್‌ಸಿಬಿ (ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್ಚು) ಇದೆಯಲ್ಲ ಎಂಬ ಧೈರ್ಯವೂ ಬೇಡ. ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಆಚೆ ಬದಿಗೆ ಅದರ ಕಾವಲು ಇಲ್ಲ. ಒಂದು ಕೈ ಹಿಂದೆ ಇಟ್ಟುಕೊಂಡೇ ಅಳೆಯಬೇಕು.

'ಯು' ಸಾಲಿನ ಹೀಟರುಗಳು ಜಾತ್ರೆಯ ಸೀರಿಯಲ್ ಸೆಟ್ಟಿನ ಹಾಗೆ: ಒಂದು ಹೋದರೆ ಎಲ್ಲವೂ ಕತ್ತಲೆ. ಯುಸಿಎಚ್ 81ಕ್ಕೆ 19 ವೋಲ್ಟ್, ಯುಬಿಎಫ್ 89ಕ್ಕೆ 19, ಯುಬಿಸಿ 81ಕ್ಕೆ 14, ಯುಎಲ್ 84ಕ್ಕೆ 45, ಯುವೈ 85ಕ್ಕೆ 38, ಒಟ್ಟು 135. 230ರಲ್ಲಿ ಉಳಿದ 95 ವೋಲ್ಟನ್ನು ಡ್ರಾಪರ್ ರೆಸಿಸ್ಟರ್ ತಿನ್ನಬೇಕು: 0.1 ಆಂಪಿಯರಿಗೆ 950 ಓಮ್, ಸುಡುವ ಶಾಖ 9.5 ವಾಟ್. ಹತ್ತು ವಾಟಿನದ್ದು ಹಾಕಿದರೆ ತುತ್ತತುದಿಯಲ್ಲಿ ಕೆಲಸ ಮಾಡಿ ಬೇಗ ಸಾಯುತ್ತದೆ. 20 ವಾಟಿನ ವೈರ್‌ವೂಂಡ್ ಹಾಕಿ, ಪಕ್ಕದಲ್ಲಿ ಮೇಣದ ಕಂಡೆನ್ಸರು ತಾಗದ ಹಾಗೆ ಕೂರಿಸಿ. 'ಇ' ಸಾಲಿನ, ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟುಗಳು ಇಷ್ಟು ಅಪಾಯದವಲ್ಲ. ಅವುಗಳ ಹಿಂಬದಿಯಲ್ಲಿ ವೋಲ್ಟೇಜ್ ಆಯುವ ಬಿಲ್ಲೆ ಇರುತ್ತದೆ. 220 ಮತ್ತು 245 ಎರಡೂ ಇದ್ದರೆ ಕಣ್ಣುಮುಚ್ಚಿ 245ಕ್ಕೆ ಇಡಿ. 220ರಲ್ಲಿಟ್ಟು ರಾತ್ರಿ ಲೈನು 240ಕ್ಕೆ ಏರಿದರೆ 6.3 ವೋಲ್ಟಿನ ಹೀಟರಿಗೆ 6.9ರ ಹತ್ತಿರ ಬೀಳುತ್ತದೆ.

ಇನ್ನು ಡಾಂಬರಿನ ವಾಸನೆಗೆ ಬರೋಣ. 1950ರ ದಶಕದ ಫಿಲಿಪ್ಸ್ ಸೆಟ್ಟುಗಳಲ್ಲಿ ಕರಿ ಡಾಂಬರು ಮೆತ್ತಿದ, ಬೆರಳುದ್ದದ ಕಾಗದದ ಕಂಡೆನ್ಸರುಗಳಿರುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ದಾಟಿ ಮಳೆ ಹೊಡೆಯುವ, ಕಡಲ ಗಾಳಿ ಬೀಸುವ ನಮ್ಮ ಊರಿನಲ್ಲಿ ಆ ಡಾಂಬರು ಬಿರುಕು ಬಿಟ್ಟು ಕಾಗದ ತೇವ ಹೀರದೆ ಉಳಿಯುವುದಿಲ್ಲ. ಅವುಗಳಲ್ಲಿ ಒಂದು ಮಾತ್ರ ಇಡೀ ಸೆಟ್ಟನ್ನು ಕೊಲ್ಲಬಲ್ಲದು: ಟ್ರಯೋಡಿನ ಆನೋಡಿನಿಂದ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ 0.01 ಮೈಕ್ರೊಫ್ಯಾರಡಿನದ್ದು. ಲೆಕ್ಕ ಹಾಕಿ ನೋಡಿ. ಅದರ ಒಂದು ಬದಿಗೆ 100 ವೋಲ್ಟ್ ಡಿಸಿ, ಇನ್ನೊಂದು ಬದಿಯ ಗ್ರಿಡ್ಡಿನಿಂದ ಚಾಸಿಸ್ಸಿಗೆ 680 ಕಿಲೊ ಓಮ್. ಕಂಡೆನ್ಸರಿನ ಸೋರಿಕೆ 50 ಮೆಗಾ ಓಮ್ ಅಂತಿಟ್ಟುಕೊಳ್ಳಿ. ಕೈಯಲ್ಲಿರುವ ಸಾಮಾನ್ಯ ಮಲ್ಟಿಮೀಟರು ಅದನ್ನು "ಓಪನ್" ಎಂದೇ ತೋರಿಸುತ್ತದೆ, ಒಳ್ಳೆಯದಿದೆ ಎಂದು ನಂಬಿಬಿಡುತ್ತೇವೆ. ಆದರೆ ಅಷ್ಟೇ ಸೋರಿಕೆಯಿಂದ ಗ್ರಿಡ್ಡಿನಲ್ಲಿ 1.3 ವೋಲ್ಟ್ ಪಾಸಿಟಿವ್ ನಿಲ್ಲುತ್ತದೆ. ಇಎಲ್ 84 ಅಳತೆ ಮೀರಿ ಕರೆಂಟು ಎಳೆಯುತ್ತದೆ, ಕೆಂಪಗಾಗುತ್ತದೆ, ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ರೆಕ್ಟಿಫೈಯರನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಇದನ್ನು ಪರೀಕ್ಷಿಸುತ್ತ ಕೂರಬೇಡಿ, ಕರೆಂಟು ಕೊಡುವ ಮೊದಲೇ 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರು ಹಾಕಿಬಿಡಿ. ಹತ್ತು ರೂಪಾಯಿಯ ಆಸುಪಾಸಿನ ಭಾಗಕ್ಕಾಗಿ ಸಿಗದ ಟ್ರಾನ್ಸ್‌ಫಾರ್ಮರನ್ನು ಪಣಕ್ಕಿಡುವುದು ಬೇಡ. ಸೆಟ್ಟು ನಡೆಯತೊಡಗಿದ ಮೇಲೆ ಇಎಲ್ 84ರ 2ನೇ ಪಿನ್ನಿನಲ್ಲಿ ಸೊನ್ನೆ ಇರಬೇಕು, 3ನೇ ಪಿನ್ನಿನ ಕ್ಯಾಥೋಡಿನಲ್ಲಿ ಸುಮಾರು 7 ವೋಲ್ಟ್.

ಸಾಸಿವೆ ಬಣ್ಣದ, ಸ್ವಲ್ಪ ಚಪ್ಪಟೆ ಕಂಡೆನ್ಸರುಗಳು ಕಂಡರೆ ಅವುಗಳ ಗೊಡವೆಗೆ ಹೋಗಬೇಡಿ. ಅದು ಫಿಲಿಪ್ಸ್‌ನದೇ ಪಾಲಿಯೆಸ್ಟರ್, ಇವತ್ತಿಗೂ ಗಟ್ಟಿ. ಎಲ್ಲವನ್ನೂ ಒಂದೇ ದಿನ ಕಿತ್ತು ಹೊಸತು ತುಂಬಿಸುವ ಚಪಲಕ್ಕೆ ನಮ್ಮ ವಿರೋಧವಿದೆ. ಸ್ಟೇಷನ್ನುಗಳನ್ನು ಬೇರ್ಪಡಿಸುವ ಐಎಫ್ ಟ್ರಾನ್ಸ್‌ಫಾರ್ಮರಿನ ಮೇಣ ಹಾಕಿದ ಕೋರುಗಳಿಗಂತೂ ಸ್ಕ್ರೂಡ್ರೈವರ್ ತಾಗಿಸಲೇಬಾರದು. ಕಾರ್ಖಾನೆಯಲ್ಲಿ ಕೂರಿಸಿದ್ದು ಅಲ್ಲಿಂದ ಅಲುಗುವುದು ಅಪರೂಪ, ಅಲುಗಿಸುವವರು ನಾವೇ.

ಗುಂಯ್ ಸದ್ದು ತಡೆಯುವ ಫಿಲ್ಟರಿನ ಡಬ್ಬಿ ಕಂಡೆನ್ಸರು ವರ್ಷಗಟ್ಟಲೆ ಕರೆಂಟಿಲ್ಲದೆ ಕುಳಿತರೆ ಒಳಗಿನ ಆಕ್ಸೈಡ್ ಪದರ ತೆಳುವಾಗುತ್ತದೆ. ಒಮ್ಮೆಗೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಒಡೆಯುತ್ತದೆ. ಬದಲಿಸುವುದಾದರೆ 47 ಮೈಕ್ರೊಫ್ಯಾರಡ್, 450 ವೋಲ್ಟ್. ಗುಂಯ್ ಸದ್ದು ಪೂರ್ತಿ ಹೋಗಲಿ ಅಂತ 220 ಮೈಕ್ರೊಫ್ಯಾರಡಿನದ್ದು ಹಾಕುವವರಿದ್ದಾರೆ. ಇಝಡ್ 80 ರೆಕ್ಟಿಫೈಯರು ತಾಳುವ ಮಿತಿಯೇ 50. ದೊಡ್ಡದು ಹಾಕಿದರೆ ಸ್ವಿಚ್ ಹಾಕಿದಾಗೆಲ್ಲ ಅದರ ಆಯುಷ್ಯ ತಿನ್ನುತ್ತದೆ. ಲೈನಿಗೆ ಅಡ್ಡ ಹಾಕಿದ ಕಂಡೆನ್ಸರಿಗೆ ಬದಲಾಗಿ ಎಕ್ಸ್2 ಗುರುತಿನದ್ದನ್ನೇ ಹಾಕಿ.

ಇಷ್ಟಾದ ಮೇಲೆ ಮೊದಲ ಸಲ ಕರೆಂಟು ಕೊಡುವುದು ಒಂದು ಬಲ್ಬಿನ ಮೂಲಕ. 60 ವಾಟಿನ ಹಳೇ ನಮೂನೆಯ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ತಣ್ಣಗಿರುವಾಗ ಅದರ ರೆಸಿಸ್ಟೆನ್ಸ್ ನೂರು ಓಮಿಗಿಂತಲೂ ಕಡಿಮೆ, ಉರಿದಾಗ ಸುಮಾರು 880. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಸೆಟ್ಟನ್ನು ಉಳಿಸುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಬೆಳಗಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಐಂಡ್‌ಹೋವನ್‌ನವರು 1891ರಿಂದ ಮಾಡಿಕೊಂಡು ಬಂದ ಆ ವಸ್ತುವೇ ಅವರ ರೇಡಿಯೊವನ್ನು ಕಾಯುವುದಕ್ಕೆ ಇವತ್ತಿಗೂ ಎಲ್ಲದಕ್ಕಿಂತ ಒಳ್ಳೆಯದು.

ಚಾಸಿಸ್ಸಿನ ಮೇಲೆ ಬಿಳಿ, ಹಳದಿ ಹುಡಿ ಎದ್ದಿದ್ದರೆ ಎಚ್ಚರಿಕೆ. ಅದು ಕ್ಯಾಡ್ಮಿಯಂ ಲೇಪ ಕೆಟ್ಟದ್ದು, ವಿಷ. ಮರಳುಕಾಗದ ಹಾಕಿ ಉಜ್ಜಬಾರದು, ಬಾಯಿಯಿಂದ ಊದಲೂ ಬಾರದು. ಒದ್ದೆ ಬಟ್ಟೆಯಲ್ಲಿ ಒರಸಿ ಆ ಬಟ್ಟೆ ಬಿಸಾಡಿ. ಮರದ ಪೆಟ್ಟಿಗೆಗೆ ಒರಲೆ ಹಿಡಿದಿದ್ದರೆ ತಳದ ಹಲಗೆಯಿಂದ ಹುಡುಕಿ.

ಕರೆಂಟು ಬಾರದ ಒಳನಾಡಿನ ಮನೆಗಳಿಗೆ ಬಂದದ್ದು 'ಡಿ' ಸಾಲಿನ ಬ್ಯಾಟರಿ ಸೆಟ್ಟುಗಳು. ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96, ಈ ನಾಲ್ಕಕ್ಕೆ ಸೇರಿ 1.4 ವೋಲ್ಟಿನಲ್ಲಿ 125 ಮಿಲಿಆಂಪಿಯರ್, ಮೇಲೆ 90 ವೋಲ್ಟ್. ಆ ದೊಡ್ಡ ಬ್ಯಾಟರಿ ಪ್ಯಾಕು ಈಗ ಸಿಗದಿದ್ದರೆ ಒಂಬತ್ತು ವೋಲ್ಟಿನ ಹತ್ತು ಚೌಕ ಬ್ಯಾಟರಿ ಸಾಲಾಗಿ ಜೋಡಿಸಿದರೆ 90 ಆಯಿತು. ಫಿಲಮೆಂಟಿಗೆ ಒಂದು ದೊಡ್ಡ ಟಾರ್ಚ್ ಸೆಲ್. ಎರಡು ಸಾಲು ಅದಲುಬದಲಾಗಿ 90 ವೋಲ್ಟ್ ಫಿಲಮೆಂಟಿಗೆ ಹೋದರೆ ನಾಲ್ಕೂ ವಾಲ್ವ್ ಒಂದೇ ಮಿಂಚಿಗೆ ಸುಟ್ಟುಹೋಗುತ್ತವೆ, ಆದ್ದರಿಂದ ತಂತಿಯ ಬಣ್ಣ ಎರಡು ಸಲ ನೋಡಿ.

ಸೆಟ್ಟು ಒಳ್ಳೆಯದಿರಬೇಕು ಎಂಬ ಹಂಬಲ ಇಲ್ಲಿ ಬರೀ ಶೋಕಿಯದ್ದಾಗಿರಲಿಲ್ಲ. ಆಕಾಶವಾಣಿ ಕೇಂದ್ರಗಳಲ್ಲಿ 1950ರಲ್ಲಿ ಧಾರವಾಡವೂ ಕಲ್ಲಿಕೋಟೆಯೂ ಶುರುವಾದವು, 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ. ಮಂಗಳೂರು ಬಂದದ್ದು 1976ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಕಾಸರಗೋಡಿನ ಕನ್ನಡ ಮನೆಗೆ ಕನ್ನಡ ಕೇಳಬೇಕಾದರೆ ಘಟ್ಟದ ಆಚೆಯಿಂದ, ರಾತ್ರಿ ಹೊತ್ತು, ಏರಿಳಿಯುವ ದನಿಯಲ್ಲೇ ಕೇಳಬೇಕಿತ್ತು. ಅದಕ್ಕೇ ಎರಡು ತೆಂಗಿನ ಮರಗಳ ನಡುವೆ ಹದಿನೈದು ಮೀಟರು ತಾಮ್ರದ ತಂತಿಯ ಏರಿಯಲ್, ಎರಡು ತುದಿಗೂ ಪಿಂಗಾಣಿಯ ಮೊಟ್ಟೆಯಂಥ ಇನ್ಸುಲೇಟರು. ಮರ ತೂಗುವುದರಿಂದ ಒಂದು ತುದಿಯನ್ನು ಬಿಗಿದು ಕಟ್ಟದೆ ರಾಟೆಯ ಮೇಲೆ ಹಾಯಿಸಿ ಕಲ್ಲು ತೂಗಬಿಡಬೇಕು. ಗುಡುಗು ಕೇಳಿದ ಕೂಡಲೇ ಏರಿಯಲ್ಲನ್ನು ಸೆಟ್ಟಿನಿಂದ ಬಿಡಿಸಿ, ಹೊರಗಿನ ನೈಫ್ ಸ್ವಿಚ್ಚಿನಲ್ಲಿ ಭೂಮಿಗೆ ಹಾಕಬೇಕು.

1978ರ ನವೆಂಬರಿನಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳನ್ನೆಲ್ಲ 9 ಕಿಲೊಹರ್ಟ್ಸ್ ಅಂತರಕ್ಕೆ ತಂದರು. ಭದ್ರಾವತಿಗೆ 675, ಕಲ್ಲಿಕೋಟೆಗೆ 684, ಒಂದರ ಮೈಗೆ ಒಂದು. ಕಾಸರಗೋಡಿನಲ್ಲಿ ಕನ್ನಡದ ಮೇಲೆ ಮಲಯಾಳ ಬಂದು ಕೂರುತ್ತಿದ್ದದ್ದು ಹೀಗೆ. ಬಿಡಿಸುವ ಉಪಾಯ ಟ್ರಾನ್ಸಿಸ್ಟರ್ ಸೆಟ್ಟಿನೊಳಗೆ ಏರಿಯಲ್ಲಾಗಿ ಕೆಲಸ ಮಾಡುವ ಕರಿ ಫೆರೈಟ್ ಕಡ್ಡಿಯಲ್ಲಿತ್ತು. ಆ ಫೆರೈಟೂ ಫಿಲಿಪ್ಸ್ ಪ್ರಯೋಗಾಲಯದಲ್ಲೇ ಬೆಳೆದದ್ದು, 1940ರ ದಶಕದಲ್ಲಿ, ಸ್ನೂಕ್ ಎಂಬ ವಿಜ್ಞಾನಿಯ ಕೈಯಲ್ಲಿ. ಕಡ್ಡಿಯ ತುದಿ ಯಾವ ಸ್ಟೇಷನ್ನಿಗೆ ಮುಖ ಮಾಡುತ್ತದೋ ಅದು ಕೇಳಿಸುವುದಿಲ್ಲ. ಕಲ್ಲಿಕೋಟೆ ನಮಗೆ ತೆಂಕಣ-ಆಗ್ನೇಯಕ್ಕೆ, ಭದ್ರಾವತಿ ಬಡಗಣ-ಈಶಾನ್ಯಕ್ಕೆ. ಟ್ರಾನ್ಸಿಸ್ಟರ್ ಸೆಟ್ಟಿನ ಪಕ್ಕೆಯನ್ನು ಕಲ್ಲಿಕೋಟೆಯ ದಿಕ್ಕಿಗೆ ತಿರುಗಿಸಿದರೆ ಆ ದನಿ ಅಡಗುತ್ತದೆ, ಭದ್ರಾವತಿಯದ್ದು ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ.

ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಒಂದೇ ರೋಗ ಹೇಳಿಬಿಡುತ್ತೇವೆ. ಎಎಫ್ 114ರಿಂದ 117ರವರೆಗಿನ ನಾಲ್ಕು ಕಾಲಿನ ಟ್ರಾನ್ಸಿಸ್ಟರುಗಳ ಲೋಹದ ಡಬ್ಬಿಯೊಳಗೆ ಕೂದಲಿಗಿಂತ ತೆಳುವಾದ ತವರದ ಎಳೆಗಳು ಬೆಳೆದು ಶಾರ್ಟ್ ಮಾಡುತ್ತವೆ. ಸೆಟ್ಟು ಮೂಕವಾದರೆ ಮೊದಲು ಡಬ್ಬಿಗೆ ಸೇರಿದ ನಾಲ್ಕನೆಯ ಕಾಲು, ಶೀಲ್ಡಿನದ್ದು, ಕತ್ತರಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ದನಿ ಬರುತ್ತದೆ.

ಕೊನೆಗೆ ಡಯಲಿನ ಗಾಜು. ಸ್ಟೇಷನ್ ಹೆಸರು, ಮೀಟರು ಗೆರೆಗಳು ಅದರ ಒಳಮೈಯಲ್ಲಿ ಅಚ್ಚಾಗಿರುತ್ತವೆ, ಅಟ್ಟದ ತೇವಕ್ಕೆ ಬಣ್ಣ ಸಡಿಲಾಗಿರುತ್ತದೆ. ಹೊರಮೈಯನ್ನು ಹೇಗೆ ಬೇಕಾದರೂ ತೊಳೆಯಿರಿ. ಒಳಮೈಗೆ ನೀರು, ಸಾಬೂನು, ಬೆರಳು ಯಾವುದೂ ತಾಗಬಾರದು. ಮಕ್ಕಳ ಚಿತ್ರ ಬಿಡಿಸುವ ಮೆತ್ತನೆ ಕುಂಚದಿಂದ ಧೂಳು ಹೊಡೆದರೆ ಸಾಕು.